ಹಗಲಿಗೆ ಹಿಡಿದು ನೋಡಿ

ಬಣ್ಣಕ್ಕೆ ಬಣ್ಣ ಕೂಡಿಸುವುದು ನನ್ನ ಹೊಟ್ಟೆಪಾಡು.
ಕಾಸರಗೋಡಿನ ಹಳೇ ಬಸ್‌ಸ್ಟ್ಯಾಂಡಿನ ಹಿಂದೆ
ಮೆಟ್ಟಿಲು ಹತ್ತಿ ಎಡಕ್ಕೆ ತಿರುಗಿದರೆ ಮ್ಯಾಚಿಂಗ್ ಸೆಂಟರು:
ನಾನೂರು ಥಾನು ರವಿಕೆ ಬಟ್ಟೆ, ಒಂದು ಏಣಿ,
ಮಿಣುಕುವ ಒಂದು ಟ್ಯೂಬ್‌ಲೈಟು.
ಬದಿಯಡ್ಕದ ಟೀಚರಿಗೆ ಬಸಳೆ ಹಣ್ಣಿನ ಬಣ್ಣವೇ ಆಗಬೇಕು.
ಮೊಗ್ರಾಲಿನ ಮದುಮಗಳ ಎಳೆಯಮ್ಮನಿಗೆ ಪುನರ್ಪುಳಿ,
ಹಿಂಡಿದ್ದಲ್ಲ, ಒಣಗಿಸಿದ್ದು.
ಹತ್ತೊಂಬತ್ತು ವರ್ಷದಿಂದ ಎಲ್ಲರಿಗೂ ಒಂದೇ ಮಾತು:
ಇಲ್ಲಿಯ ಬೆಳಕು ನಂಬಬೇಡಿ,
ಬಾಗಿಲಿಗೆ ಹೋಗಿ ಹಗಲಿಗೆ ಹಿಡಿದು ನೋಡಿ.

ಆದಿತ್ಯವಾರ ಅರ್ಧ ದಿನ.
ಸ್ಕೂಟರು ತಳಂಗರೆಗೆ, ಚಂದ್ರಗಿರಿ ಹೊಳೆ ಕಡಲು ಸೇರುವಲ್ಲಿಗೆ.
ಸೀಟಿನಡಿಯ ಡಬ್ಬಿಯಲ್ಲಿ ಹನ್ನೊಂದು ಸುಳ್ಳುಮೀನು,
ಮರದ್ದು, ಪ್ಲಾಸ್ಟಿಕ್ಕಿನದು,
ಮಗಳ ಉಗುರುಬಣ್ಣ ಕದ್ದು ನಾನೇ ಬಳಿದದ್ದು ಒಂದು.
ಪ್ರತಿಯೊಂದರ ಹೊಟ್ಟೆಗೂ ಮೂರು ಮುಳ್ಳಿನ ಗಾಳ.

ಅಸೈನಾರಿಚ್ಚ ನನಗಿಂತ ಮೊದಲೇ ಬಂದು ಕೂತಿರುತ್ತಾರೆ.
ಶಾರ್ಜಾದಲ್ಲಿ ಇಪ್ಪತ್ತೆರಡು ವರ್ಷ ಹಡಗಿಗೆ ಬಣ್ಣ ಹೊಡೆದವರು.
"ನೀರಿಗೆ ಮುಳುಗುವ ಭಾಗಕ್ಕೆಲ್ಲ ಕೆಂಪು," ಎನ್ನುತ್ತಾರೆ,
"ಯಾರು ನೋಡ್ಲಿಕ್ಕೆ ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ."
ಅವರ ಶಾಸ್ತ್ರ ಚಿಕ್ಕದು:
ತಿಳಿನೀರಿಗೆ ಬೆಳ್ಳಿ, ಕಲಕಿದ ನೀರಿಗೆ ಗಿಳಿಹಸಿರು,
ಕಪ್ಪಾದರೆ ಕಪ್ಪು. "ಇದಕ್ಕೆಂತ ಪಂಚಾತಿಕೆ?"
ಹಾಗೆಂದವರ ಪೆಟ್ಟಿಗೆಯಲ್ಲಿ ನಲವತ್ತು ಬಣ್ಣ ಉಂಟು.

ಇವತ್ತು ಘಟ್ಟದಲ್ಲಿ ಮಳೆ ಬಿದ್ದಿರಬೇಕು.
ಹೊಳೆ ಬಂದದ್ದು ಹಾಲು ಹೆಚ್ಚಾದ ಚಹಾದ ಹಾಗೆ,
ಉಬ್ಬರ ಬಂದದ್ದು ಸೋಡಾ ಬಾಟಲಿಯ ಹಸಿರಾಗಿ.
ಎರಡೂ ಸೇರುವಲ್ಲಿ ಒಂದು ಗೆರೆ, ನೊರೆಯ ಕಚ್ಚಾ ಹೊಲಿಗೆ.
ಅದರಡಿಯಲ್ಲೇ ಎಲ್ಲೋ ಕಾಳಾಂಜಿ,
ದೊಡ್ಡ ಬಾಯಿ ಮುಚ್ಚಿಕೊಂಡು, ಅವಸರವಿಲ್ಲದೆ.
ಗಿರಾಕಿಗೆ ಕೇಳುವುದನ್ನು ಅದಕ್ಕೂ ಕೇಳಬೇಕಿತ್ತು:
ಮ್ಯಾಚಿಂಗ್ ಬೇಕೋ, ಕಾಂಟ್ರಾಸ್ಟೋ?
ನೀರಿಗೆ ಬೆರೆತ ಮೀನು ಕಾಣುವುದಿಲ್ಲ.
ಎದ್ದು ಕಾಣುವ ಮೀನು ಮೀನೇ ಅಲ್ಲ.
ಅಡಗಿಕೊಳ್ಳಲು ಹೋಗಿ ಸಿಕ್ಕಿಬಿದ್ದವನ ಬಣ್ಣ ಬೇಕು ನನಗೆ.
ಅದು ಥಾನಿನಲ್ಲಿ ಬರುವುದಿಲ್ಲ.

ಉಗುರುಬಣ್ಣದ ಕೆಂಪನ್ನು ಕಟ್ಟಿ ಕಾಲಬುಡದಲ್ಲೇ ಇಳಿಸಿದೆ.
ಗೇಣು ಆಳದಲ್ಲಿ ಇಟ್ಟಿಗೆ.
ಮೊಳ ಆಳದಲ್ಲಿ ಒಣಗಿದ ಪುನರ್ಪುಳಿ, ಅದೇ, ಎಳೆಯಮ್ಮ ಕೇಳಿದ್ದು;
ನಾನೂರು ಥಾನಿನಲ್ಲಿ ಸಿಕ್ಕಿರಲಿಲ್ಲ.
ಇನ್ನೂ ಇಳಿಸಿದರೆ ಬರೀ ನೆರಳು.
ಎಳೆದರೆ ಮತ್ತೆ ಕೆಂಪಾಗಿಯೇ ಮೇಲೆ ಬಂತು,
ಏನೂ ಆಗದವರ ಹಾಗೆ.
ಹಡಗಿನ ಹೊಟ್ಟೆ ನೆನಪಾಯಿತು.

ಬೆಳ್ಳಿ ಕಟ್ಟಿದೆ, ಬಿಚ್ಚಿದೆ. ಗಿಳಿಹಸಿರು ಕಟ್ಟಿದೆ, ಬಿಚ್ಚಿದೆ.
ಎಲ್ಲ ಥಾನು ಇಳಿಸಿ ಏನೂ ಕೊಳ್ಳದೆ ಹೋಗುವ ಹೆಂಗಸರ ಮೇಲೆ
ನನಗಿದ್ದ ಸಿಟ್ಟು ಆ ಕಲ್ಲಿನ ಮೇಲೆ ಕೂತು ಸ್ವಲ್ಪ ಕಡಿಮೆಯಾಯಿತು.
ಬಾಂಗು ಕೇಳಿತು, ಅಸೈನಾರಿಚ್ಚ ಎದ್ದು ಹೋದರು.
ಕತ್ತಲಲ್ಲಿ ಕೈಗೆ ಸಿಕ್ಕಿದ್ದನ್ನು ಕಟ್ಟಿ ಎಸೆದೆ.

ಮೂರನೇ ಎಸೆತಕ್ಕೆ ಹೊಳೆಯೇ ಹಿಡಿದು ಎಳೆದ ಹಾಗಾಯಿತು.
ಕೋಲು ಬಾಗಿತು, ರೀಲು ಕಿರುಚಿತು,
ಒಂದು ಬಿಳಿ ಪಕ್ಕೆ ಮೇಲೆ ಹಾರಿ ತಲೆ ಕೊಡವಿತು.
ಮತ್ತೆ ದಾರ ಹಗುರ.

ನಮಾಜು ಮುಗಿಸಿ ಬಂದವರು ಕೇಳಿದ್ದು ಮೀನನ್ನಲ್ಲ:
"ಯಾವ ಬಣ್ಣಕ್ಕೆ?"
ನೋಡಿಲ್ಲ ಎಂದೆ. ನಂಬಲಿಲ್ಲ.
ಡಬ್ಬಿಯಲ್ಲಿ ಹತ್ತು ಉಳಿದಿರಬೇಕು, ತೆರೆದರೆ ಗೊತ್ತಾಗುತ್ತದೆ.
ಇನ್ನೂ ತೆರೆದಿಲ್ಲ.

ಸೋಮವಾರ ಟೀಚರು ಬಸಳೆ ಹಣ್ಣು ವಾಪಸು ತಂದರು.
"ಬಾಗಿಲಲ್ಲಿ ನೋಡುವಾಗ ಸರಿಯೇ ಇತ್ತು ಮಾರಾಯ್ರೆ,
ಸ್ಟಾಫ್‌ರೂಮಿನಲ್ಲಿ ಬೇರೆಯೇ ಕಾಣ್ತದೆ."
ಹಗಲಿಗೆ ಹಿಡಿದು ಎನ್ನಲು ಬಾಯಿ ತೆರೆದವನು
ಏಣಿಯಿಂದ ಇಳಿದು ಕೇಳಿದೆ:
ನಿಮ್ಮ ಸ್ಟಾಫ್‌ರೂಮಿನ ಕಿಟಕಿ ಯಾವ ಕಡೆಗೆ?